ಕೆಳಗಿನಿಂದ ಓದು

"ಆ ಮುಚ್ಚಳಕ್ಕೆ ಕೈ ಹಚ್ಚಬೇಡಿ."

ಅವಳ ದನಿ ಜೋರಾಗಿರಲಿಲ್ಲ. ಆದರೂ ಕಬ್ಬಿಣದ ಮೆಟ್ಟಿಲು ಹತ್ತುತ್ತಿದ್ದವನು ನಡುವೆಯೇ ನಿಂತುಬಿಟ್ಟ. ಒಂದು ಕೈಯಲ್ಲಿ ಸ್ಪ್ಯಾನರ್ ಇತ್ತು, ಇನ್ನೊಂದು ಕೈ ಕಂಬಿಯ ಮೇಲಿತ್ತು. ಮೇಲೆ, ಅಟ್ಟಣೆಯ ಮೇಲಕ್ಕೆ ತಲೆ ಎತ್ತಿದ್ದ ಉಕ್ಕಿನ ಕೊಳವೆಗೆ ಬೆನ್ನು ಕೊಟ್ಟು, ಬಾಗಿಲು ಕಾಯುವವಳಂತೆ ಅವಳು ನಿಂತಿದ್ದಳು.

"ನಾನು ಹರಳಿನ ಕಾರ್ಖಾನೆಯವನು. ಒಳಗಿರೋದನ್ನ ನೋಡಿ ಬಾ ಅಂತ ಕಳಿಸಿದ್ದಾರೆ."

"ಒಳಗಿರೋದು ನಮ್ಮಪ್ಪ ತುಂಬಿದ್ದು."

ಅವನು ಅವಳ ಮುಖ ನೋಡಿದ. ನಿದ್ದೆಗೆಟ್ಟ ಕಣ್ಣು, ಬಿಗಿಯಾಗಿ ಮುಚ್ಚಿದ ತುಟಿ. ಏನು ತೋಚಿತೋ, ಸ್ಪ್ಯಾನರನ್ನು ಸದ್ದಾಗದಂತೆ ಮೆಟ್ಟಿಲ ಮೇಲಿಟ್ಟ.

"ಹಾಗಾದ್ರೆ ಮೊದಲು ಅವರ ವಿಷಯ ಹೇಳಿ. ಹರಳಿನ ವಿಷಯ ಆಮೇಲೆ ಕೇಳ್ತೀನಿ."

ಅಪ್ಪ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಸಮಾಧಾನ ಹೇಳಿದ್ದರು. ಅವರ ವಿಷಯ ಹೇಳು ಎಂದು ಕೇಳಿದವರು ಒಬ್ಬರೂ ಇರಲಿಲ್ಲ...

ಆ ಕೊಳವೆ ನಿಂತಿದ್ದ ಶೆಡ್ಡಿನಲ್ಲಿ ನಡೆಯುತ್ತಿದ್ದ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಪಕ್ಕದ ಘಟಕದಲ್ಲಿ ಅನಿಲದಿಂದ ಮೇಣ ತಯಾರಾಗುತ್ತಿತ್ತು. ಬೆಳ್ಳಗೆ, ಗಟ್ಟಿಯಾಗಿ, ಥೇಟ್ ಮೇಣದಬತ್ತಿಯಂತೆ. ಮೇಣ ಹಾಕಿದರೆ ಯಾವ ಗಾಡಿಯೂ ಓಡುವುದಿಲ್ಲ. ಅದನ್ನು ಕರಗಿಸಿ, ಹೈಡ್ರೋಜನ್ ಬೆರೆಸಿ, ಈ ಕೊಳವೆಯ ತಲೆಯಿಂದ ಒಳಗೆ ಬಿಡಬೇಕು. ಒಳಗೆ ತುಂಬಿದ ಕ್ಯಾಟಲಿಸ್ಟ್ ಎಂಬ ಕಪ್ಪು ಹರಳುಗಳ ನಡುವೆ ಇಳಿಯುತ್ತ ಇಳಿಯುತ್ತ ಅದು ಒಡೆದು, ತಿಳಿಯಾಗಿ, ಕೆಳಗೆ ಬರುವಾಗ ಎಂಥ ಚಳಿಗೂ ಹೆಪ್ಪುಗಟ್ಟದ ಇಂಧನವಾಗಬೇಕು.

ರಿಯಾಕ್ಟರ್ ಎನ್ನುವ ಆ ಕೊಳವೆಯನ್ನು ವಿನ್ಯಾಸ ಮಾಡಿದವರು ಅವಳ ಅಪ್ಪ. ಅವರ ಕೈಕೆಳಗೇ ಅವಳು ಕೆಲಸ ಕಲಿತಿದ್ದಳು.

ಹರಳು ಮೇಣವನ್ನು ಮುಟ್ಟಿದ ಕೂಡಲೇ ಕಾವು ಹುಟ್ಟುತ್ತದೆ. ಕಾವು ಒಂದೇ ಕಡೆ ಸೇರಿತೆಂದರೆ ಹರಳು ಮಸಿ ಹಿಡಿದು ಸಾಯುತ್ತದೆ. ಅದಕ್ಕೇ ಅಪ್ಪ ಒಳಗಿನ ಹರಳಿನ ಹಾಸನ್ನು ನಾಲ್ಕು ಪದರ ಮಾಡಿದ್ದರು. ಎಲ್ಲಕ್ಕಿಂತ ಮೇಲಿನದರಲ್ಲಿ ಕಪ್ಪು ಹರಳು ಚೂರೇ ಚೂರು, ಉಳಿದದ್ದು ಯಾವ ಕೆಲಸವನ್ನೂ ಮಾಡದ ಬಿಳಿ ಪಿಂಗಾಣಿ ಮಣಿ. ಕೆಳಗಿಳಿದಂತೆ ಬಿಳಿ ಕಡಿಮೆ, ಕಪ್ಪು ಹೆಚ್ಚು. ತಳದ ನಾಲ್ಕನೆಯ ಪದರ ಅಪ್ಪಟ ಕಪ್ಪು.

ಹಸಿದು ಬಂದವನಿಗೆ ಮೊದಲು ತೆಳ್ಳಗಿನದು ಬಡಿಸಬೇಕು, ಗಟ್ಟಿಯಾದದ್ದು ಆಮೇಲೆ ಎನ್ನುತ್ತಿದ್ದರು ಅಪ್ಪ.

ತುಂಬುವ ದಿನ ಅವಳು ನಕ್ಷೆ ಹಿಡಿದು ಓದುವುದು, ಅಪ್ಪ ತಳ ತೆರೆದ, ಬಟ್ಟೆಯ ಉದ್ದನೆಯ ಚೀಲವನ್ನು ಕೊಳವೆಯೊಳಗೆ ಇಳಿಬಿಟ್ಟು ಹರಳು ಒಡೆಯದಂತೆ ಸುರಿಯುವುದು. ಅದು ತಂದೆ ಮಗಳ ಪದ್ಧತಿ. ಇನ್ನೊಬ್ಬರ ಕೈಗೆ ಅವರು ಅದನ್ನು ಎಂದೂ ಬಿಟ್ಟುಕೊಟ್ಟವರಲ್ಲ.

ಕೊನೆಯ ಸಲ ತುಂಬುವ ಹೊತ್ತಿಗೆ ಅಪ್ಪನಿಗೆ ಗಂಟಲಿನ ಕಾಯಿಲೆ. ಶಸ್ತ್ರಚಿಕಿತ್ಸೆಯಲ್ಲಿ ದನಿ ಹೋಗಿತ್ತು. ಔಷಧದ ಮಂಪರಿನಲ್ಲಿ ಕಣ್ಣೂ ಮಬ್ಬಾಗಿತ್ತು. ಬೇಡವೆಂದರೂ ಕೇಳದೆ ಬಂದು, ಮುಖಕ್ಕೆ ಮುಸುಕು ಕಟ್ಟಿಕೊಂಡು, ಅವಳು ಓದಿದಂತೆ ಒಂದೊಂದೇ ಪೀಪಾಯಿಯನ್ನು ಸುರಿದರು. ಮುಗಿದ ಮೇಲೆ ಅವಳ ಭುಜದ ಮೇಲೆ ಕೈಯಿಟ್ಟು ತುಸು ಹೊತ್ತು ನಿಂತರು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಭಗವಂತ ಒಬ್ಬರನ್ನು ಕರೆದುಕೊಂಡರೂ ಅವರ ದನಿಯನ್ನಾದರೂ ಮನೆಯವರ ಕಿವಿಯಲ್ಲಿ ಬಿಟ್ಟುಹೋಗುತ್ತಾನೆ ಎಂದು ನಾವು ನಂಬಿರುತ್ತೇವೆ. ಅವಳ ಪಾಲಿಗೆ ದನಿಯೇ ಮೊದಲು ಹೋಗಿತ್ತು.

ಅಪ್ಪ ಹೋದ ಮೇಲೆ ಅವಳೇ ರಿಯಾಕ್ಟರನ್ನು ನಡೆಸಿದಳು. ಮೊದಲ ವಾರದಿಂದಲೇ ಎಡವಟ್ಟು. ತಲೆಯ ಕಡೆ ಕಾವು ಏರುತ್ತಲೇ ಹೋಯಿತು, ತಳದಲ್ಲಿ ಚಲನೆಯೇ ಇಲ್ಲ. ಇಂಧನ ಬರಬೇಕಾದಲ್ಲಿ ಬರಿಯ ಅನಿಲ ಬಂತು. ಕೊನೆಗೆ ಮೇಲ್ಭಾಗವೆಲ್ಲ ಮಸಿ ಕಟ್ಟಿ ನಿಂತೇಹೋಯಿತು.

ಮುದುಕರ ವಿನ್ಯಾಸವೇ ಸರಿಯಿಲ್ಲ ಎಂದು ಶೆಡ್ಡಿನಲ್ಲಿ ಗುಸುಗುಸು ಶುರುವಾಯಿತು. ಮುಖ್ಯಸ್ಥರು ಅವಳನ್ನು ಕರೆಸಿ ಮೆತ್ತಗೆ ಹೇಳಿದರು. ದೋಷ ಹರಳಿನದಾದರೆ ಇನ್ನೊಂದು ಸಲ ತುಂಬಲು ಅವಕಾಶ ಕೊಡಿಸಬಹುದು. ವಿನ್ಯಾಸದ್ದಾದರೆ ರಿಯಾಕ್ಟರ್ ಗುಜರಿಗೆ ಹೋಗುತ್ತದೆ.

ಅಪ್ಪನ ಇಡೀ ಬದುಕು ಗುಜರಿಗೆ... ಹೀಗಿರುವಾಗ ಆ ಹರಳಿನವನು ಸ್ಪ್ಯಾನರ್ ಹಿಡಿದು ಬಂದಿದ್ದ.

ಅವನು ಅವಸರ ಮಾಡಲಿಲ್ಲ. ಮುಚ್ಚಳ ತೆಗೆಯುವ ಮಾತನ್ನೇ ಬಿಟ್ಟು, ಹೊರಗಿನಿಂದ ಏನೇನು ಅಳೆಯಬಹುದೋ ಅಷ್ಟನ್ನೂ ಅಳೆದ. ದಿನವೂ ಸಂಜೆ ಅಟ್ಟಣೆಯ ಮೆಟ್ಟಿಲ ಮೇಲೆ ಎರಡು ಲೋಟ ಚಹಾ ತಂದಿಟ್ಟು ಕೂತ. ಕೇಳುತ್ತಿದ್ದ ಪ್ರಶ್ನೆಗಳೂ ವಿಚಿತ್ರ. ನಿಮ್ಮಪ್ಪ ಯಾವ ಕೈಯಲ್ಲಿ ಬರೀತಿದ್ರು? ಕೋಪ ಬಂದ್ರೆ ಬೈತಿದ್ರಾ, ಸುಮ್ಮನಾಗ್ತಿದ್ರಾ? ಯಾವ ಮಾತಿಗೆ ಜೋರಾಗಿ ನಗ್ತಿದ್ರು?

ಅವಳು ಹೇಳುತ್ತಾ ಹೋದಳು. ಹೇಳುತ್ತಾ ಹೇಳುತ್ತಾ ಅಳುವುದನ್ನೂ ಕಲಿತಳು. ಅಷ್ಟು ದಿನ ಅಳು ಎದೆಯಲ್ಲೇ ಮೇಣದಂತೆ ಗಟ್ಟಿಯಾಗಿ ಕೂತಿತ್ತು.

ಶೆಡ್ಡಿನ ಉಸ್ತುವಾರಿ ಅವಳ ಚಿಕ್ಕಪ್ಪನದು. ಅಣ್ಣ ಹೋದ ದುಃಖವನ್ನು ತಮಾಷೆಯಲ್ಲಿ ಮುಚ್ಚಿಕೊಳ್ಳುವ ಮನುಷ್ಯ. ಅವಳನ್ನು ಚಿಕ್ಕಂದಿನಿಂದ ಕರೆಯುವುದೇ ಬೆಂಕಿಕಡ್ಡಿ ಎಂದು. ಇಬ್ಬರೂ ಮೆಟ್ಟಿಲ ಮೇಲೆ ಕೂತದ್ದನ್ನು ಕಂಡು ಕೆಳಗಿನಿಂದಲೇ ಹೇಳಿದ: "ನಿಮ್ಮಿಬ್ಬರನ್ನ ಆ ಕೊಳವೆಯೊಳಗೆ ಹಾಕಿದ್ರೆ ಹೊರಗಿಂದ ಕಾವು ಕೊಡೋ ಅಗತ್ಯವೇ ಇಲ್ಲ ನೋಡು."

ಅವಳು ನಕ್ಕಳು. ನಕ್ಕ ಮೇಲೆ ತಪ್ಪು ಮಾಡಿದವಳಂತೆ ಬಾಯಿ ಮುಚ್ಚಿಕೊಂಡಳು.

"ನಗಿ," ಎಂದ ಅವನು ಮೆಲ್ಲಗೆ. "ಅವರೇನೂ ಬೇಜಾರು ಮಾಡ್ಕೊಳಲ್ಲ."

ಅವತ್ತು ಮನೆಗೆ ನಡೆಯುವಾಗ ಆ ಮಾತು ಅವಳ ಜೊತೆಗೇ ಬಂತು... ಇವನು ಹೀಗೇ ಪಕ್ಕದಲ್ಲಿ ಕೂತಿರಲಿ ಎಂದು ಮನಸ್ಸು ಬೇಡಿತು. ಮರುದಿನ ಅವಳೇ ಹೇಳಿದಳು, ಮುಚ್ಚಳ ತೆಗೆಯಿರಿ ಎಂದು.

ಹಳೆಯ ಹರಳಿಗೆ ಗಾಳಿ ಸೋಕಿದರೆ ಕೆಂಡವಾಗುತ್ತದೆ. ಆದ್ದರಿಂದ ಒಳಗೆಲ್ಲ ನೈಟ್ರೋಜನ್ ತುಂಬಿಸಿ, ಮುಖವಾಡ ಹಾಕಿಕೊಂಡು, ದಪ್ಪ ಪೈಪನ್ನು ಮೇಲಿನಿಂದ ಇಳಿಸಿ ಹರಳನ್ನು ಹೀರಿ ತೆಗೆಯಬೇಕು. ಒಂದೊಂದು ಪದರ ಬಂದಾಗ ಒಂದೊಂದು ಗಾಜಿನ ಸೀಸೆಗೆ ಮಾದರಿ ಹಿಡಿಯಬೇಕು. ಆ ಕೆಲಸವನ್ನು ಅವನೊಬ್ಬನೇ ಮಾಡಿದ. ಜೊತೆಗಿರಬೇಕಾಗಿದ್ದ ಅವಳು ನಿಲ್ಲಲಾರದೆ ಹೊರಗೆ ಬಂದು ಗೋಡೆಗೊರಗಿ ಕೂತಳು. ಅಪ್ಪನ ಕೈಯ ಕೊನೆಯ ಕೆಲಸ ಪೈಪಿನಲ್ಲಿ ಒಣಕಾಳಿನಂತೆ ಸದ್ದು ಮಾಡುತ್ತ ಹೋಗುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ಕಣ್ಣುಮುಚ್ಚಿ ದೇವರ ಹೆಸರು ಹೇಳಿಕೊಂಡಳು.

ಅವನು ಹೊರಗೆ ಬಂದು ಮುಖವಾಡ ತೆಗೆದಾಗ ಮುಖ ಬಿಳಿಚಿಕೊಂಡಿತ್ತು.

ಏನಾಗಿತ್ತು ಎಂದು ಅವಳು ಕೇಳಿದಳು. ಅವನು ನಾಲ್ಕು ಸೀಸೆಗಳನ್ನೂ ಅವಳಿಗೆ ಕಾಣದಂತೆ ಚೀಲಕ್ಕೆ ಸೇರಿಸಿದ. ನಾಳೆ ಎಲ್ಲರ ಮುಂದೆ ಹೇಳುತ್ತೇನೆ ಎಂದಷ್ಟೇ ಹೇಳಿ ಹೋದ.

ಮರುದಿನ ಮುಖ್ಯಸ್ಥರ ಕೋಣೆಯಲ್ಲಿ ಅವನು ನಿಂತುಕೊಂಡೇ ಮಾತಾಡಿದ. "ವಿನ್ಯಾಸದಲ್ಲಿ ದೋಷ ಇಲ್ಲ. ಹರಳು ನಮ್ಮ ಕುಲುಮೆಯಲ್ಲೇ ಕೆಟ್ಟಿತ್ತು. ಆ ಮಾಲಿಗೆ ಹೊಣೆ ನಾನು."

ಅಪ್ಪನ ಹೆಸರು ಉಳಿಯಿತು. ಅವಳು ಸಂತೋಷಪಡಬೇಕಾಗಿತ್ತು... ಆದರೆ ಎದೆಯೊಳಗೆ ಬೇರೆಯೇ ಏನೋ ಹೊತ್ತಿಕೊಂಡಿತು. ಇಷ್ಟು ದಿನವೂ ಇವನಿಗೆ ಇದು ಗೊತ್ತಿತ್ತೇ? ಗೊತ್ತಿದ್ದೇ ಚಹಾ ತಂದನೇ? ಗೊತ್ತಿದ್ದೇ ಅಪ್ಪ ಯಾವ ಕೈಯಲ್ಲಿ ಬರೆಯುತ್ತಿದ್ದರು ಎಂದು ಕೇಳಿದನೇ?

"ನಮ್ಮಪ್ಪ ಸಾಯೋ ಮುಂಚೆ ನಿಮ್ಮ ಕೆಟ್ಟ ಹರಳನ್ನ ನಂಬಿ ಸುರಿದ್ರು," ಎಂದಳು, ಅಷ್ಟು ಜನರ ಮುಂದೆ. "ಅವರ ಹೆಸರು ಬೀದಿಗೆ ಬೀಳ್ತಿತ್ತು. ನೀವು ನನ್ನ ಪಕ್ಕದಲ್ಲಿ ಕೂತು ಕಥೆ ಕೇಳಿದ್ರಿ. ಇನ್ನು ನಿಮ್ಮ ಮುಖ ನನಗೆ ತೋರಿಸಬೇಡಿ."

ಅವನ ಕಣ್ಣು ಒಂದು ಕ್ಷಣ ತುಂಬಿತು. "ಆಗಲಿ," ಎಂದ. ಹೊರಟುಹೋದ.

ಮೆಟ್ಟಿಲ ಮೇಲೆ ಎರಡು ಲೋಟಗಳು ತೊಳೆದು ಬೋರಲು ಹಾಕಿದಂತೆಯೇ ಉಳಿದವು.

ಮನೆಯಲ್ಲಿ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಗಂಡ ಹೋದ ಮೇಲೆ ಅವಳ ಮಾತು ಕಡಿಮೆಯಾಗಿ ಪ್ರಾರ್ಥನೆ ಹೆಚ್ಚಾಗಿತ್ತು.

"ಸತ್ತವರ ಪರವಾಗಿ ಜಗಳ ಆಡೋದು ಸುಲಭ, ಮಗಳೇ," ಎಂದಳು. "ಬೇಡ ಅನ್ನೋಕೆ ಅವರು ಎದ್ದು ಬರಲ್ಲ."

ಮಗಳಿಗೆ ಸಿಟ್ಟು ಬಂತು. ತಟ್ಟೆ ತಳ್ಳಿ ಎದ್ದುಹೋದಳು. ಆದರೆ ಸಂಜೆಯಾದರೆ ಸಾಕು, ಕಾಲು ತಾನಾಗಿ ಮೆಟ್ಟಿಲ ಕಡೆ ಹೋಗುತ್ತಿತ್ತು. ಒಂದು ದಿನ ಚಿಕ್ಕಪ್ಪ ಬೇರೆ ಯಾವುದೋ ಮಾತಿನ ನಡುವೆ ಹೇಳಿದ, ಆ ಹುಡುಗನನ್ನು ಅವರ ಕಾರ್ಖಾನೆಯಲ್ಲಿ ಕುಲುಮೆಯಿಂದ ತೆಗೆದು ಪುಡಿ ಜರಡಿ ಹಿಡಿಯುವ ಕೆಲಸಕ್ಕೆ ಹಾಕಿದ್ದಾರಂತೆ ಎಂದು. ಸರಿಯಾಯಿತು ಎಂದಳು ಅವಳು. ಹೇಳಿ, ಯಾರೂ ಇಲ್ಲದ ಕಡೆ ಹೋಗಿ ಅತ್ತಳು.

ಹೊಸ ಹರಳು ಬಂತು. ಬಿಳಿ ಮಣಿ ಬೆರೆಸಿ, ಪದರಕ್ಕೊಂದರಂತೆ ನಾಲ್ಕು ಪೀಪಾಯಿಗಳನ್ನು ಸಾಲಾಗಿ ಅಟ್ಟಣೆಗೆ ಏರಿಸಿದ್ದಾಯಿತು. ಅಪ್ಪನ ಜಾಗದಲ್ಲಿ ಈಗ ಚಿಕ್ಕಪ್ಪ. ಮುಸುಕು ಕಟ್ಟಿಕೊಂಡು, ಬಟ್ಟೆಯ ಚೀಲವನ್ನು ಕೊಳವೆಗೆ ಇಳಿಬಿಟ್ಟು, ಓದಮ್ಮಾ ಬೆಂಕಿಕಡ್ಡಿ ಎಂದ.

ಅವಳು ನಕ್ಷೆ ಬಿಡಿಸಿದಳು. "ಒಂದನೇ..."

ಮಾತು ಅಲ್ಲೇ ನಿಂತಿತು.

ಯಾಕೆಂದು ಅವಳಿಗೇ ತಿಳಿಯಲಿಲ್ಲ. ಏನೋ ಬರಬೇಕಾಗಿತ್ತು, ಬರಲಿಲ್ಲ. ಮೆಟ್ಟಿಲು ಇದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದಂತೆ. ಶೆಡ್ಡು ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದೊಳಗಿನಿಂದ, ಎಷ್ಟೋ ದಿನಗಳಿಂದ ನೆನಪಿಸಿಕೊಳ್ಳಲು ಹೆಣಗಿದರೂ ಬಾರದಿದ್ದ ದನಿ, ಮುಸುಕಿನ ಹಿಂದಿನ ಆ ಮಂದ ದನಿ, ತಾನಾಗಿ ಕಿವಿಗೆ ಬಂತು.

*ಕೆಳಗಿನಿಂದ ಓದು, ಮಗಳೇ.*

ನಕ್ಷೆ ಬರೆಯುವುದು ಕರಗಿದ ಮೇಣ ಹರಿಯುವ ಕ್ರಮದಲ್ಲಿ, ಮೇಲಿನಿಂದ ಕೆಳಕ್ಕೆ. ಒಂದನೇ ಪದರ ಎಲ್ಲಕ್ಕಿಂತ ಮೇಲೆ. ಆದರೆ ತುಂಬುವುದು ತಳದಿಂದ. ನಾಲ್ಕನೇ ಪೀಪಾಯಿ ಮೊದಲು ಬೀಳಬೇಕು, ಒಂದನೆಯದು ಕೊನೆಗೆ. ಅವಳು ಪ್ರತಿ ಸಲವೂ ಎಲ್ಲ ಕಾಗದವನ್ನೂ ಓದುವಂತೆ ಮೇಲಿನಿಂದಲೇ ಶುರು ಮಾಡುತ್ತಿದ್ದಳು. ಪ್ರತಿ ಸಲವೂ ಅಪ್ಪ ತಡೆಯುತ್ತಿದ್ದರು. ಅವಳು ನಾಲಿಗೆ ಕಚ್ಚಿಕೊಂಡು ನಕ್ಕು ಕೆಳಗಿನಿಂದ ಓದುತ್ತಿದ್ದಳು. ಆ ಎಚ್ಚರ ಎಂದೂ ಅವಳ ತಲೆಯಲ್ಲಿ ಇರಲೇ ಇಲ್ಲ, ಅಪ್ಪನ ಬಾಯಲ್ಲಿತ್ತು.

ಕೊನೆಯ ಸಲ ಆ ಬಾಯಿಗೆ ದನಿ ಇರಲಿಲ್ಲ.

ಒಂದು ಎಂದಿದ್ದಳು. ಎರಡು ಎಂದಿದ್ದಳು. ಮೂರು, ನಾಲ್ಕು. ಮಬ್ಬುಗಣ್ಣಿನ ಅಪ್ಪ, ಮಗಳ ಮಾತನ್ನು ನಂಬಿ, ಹಾಗೆಯೇ ಸುರಿದಿದ್ದರು.

ನಕ್ಷೆ ಕೈಯಿಂದ ಜಾರಿತು. ಅವಳು ಅಟ್ಟಣೆಯ ಮೇಲೆ ಕುಸಿದು ಕೂತಳು. ಚಿಕ್ಕಪ್ಪ ಗಾಬರಿಯಿಂದ ಬಂದು ಹಿಡಿದುಕೊಂಡ. ಅವಳು ಬಿಕ್ಕುತ್ತಲೇ ಎಲ್ಲವನ್ನೂ ಹೇಳಿದಳು. ಮುಸುಕು ಕಳಚಿ ಅದರಲ್ಲೇ ಕಣ್ಣೊರೆಸಿಕೊಂಡ.

"ಹಾಗಾದ್ರೆ ಆ ಹುಡುಗ..." ಎಂದ ಕಡೆಗೆ.

"ಅವರಿಗೆ ಕಂಡಿತ್ತು ಚಿಕ್ಕಪ್ಪ. ಮೇಲಿನಿಂದ ತೆಗೆದಾಗ ಬಿಳಿ ಬರಬೇಕಿತ್ತು. ಬಂದದ್ದು ಅಪ್ಪಟ ಕಪ್ಪು. ಅವರಿಗೆ ಎಲ್ಲ ಕಂಡಿತ್ತು."

ಅಪ್ಪ ಸುರಿಯುತ್ತಿದ್ದರು, ನಾನು ಓದುತ್ತಿದ್ದೆ ಎಂದು ಮೆಟ್ಟಿಲ ಮೇಲೆ ಕೂತು ಅವನಿಗೆ ಹೇಳಿದವಳು ಅವಳೇ. ತಪ್ಪು ಯಾರದೆಂದು ಅವನಿಗೆ ತಿಳಿಯಲು ಬೇರೆ ಏನೂ ಬೇಕಿರಲಿಲ್ಲ.

ಅವಳು ಕಣ್ಣೊರೆಸಿಕೊಂಡು ನೇರ ಮುಖ್ಯಸ್ಥರ ಕೋಣೆಗೆ ಹೋದಳು. ಅಂದು ಅವನನ್ನು ಅವಮಾನಿಸಿದ ಜಾಗದಲ್ಲೇ ನಿಂತು, ಅದೇ ಜನರನ್ನು ಕರೆಸಿ, ಹರಳು ಕೆಟ್ಟಿರಲಿಲ್ಲ, ಪದರ ತಲೆಕೆಳಗಾಗಿತ್ತು, ಓದಿದವಳು ನಾನು ಎಂದಳು. ದನಿ ನಡುಗಿತು, ಮಾತು ನಿಲ್ಲಲಿಲ್ಲ. ರಿಯಾಕ್ಟರ್ ಕೊಡುವುದು ಬಿಡುವುದು ನಿಮ್ಮ ಇಷ್ಟ, ಆ ಮನುಷ್ಯನ ಹೆಸರನ್ನು ಮಾತ್ರ ಈಗಲೇ ಸರಿಮಾಡಿ ಎಂದು ಕೇಳಿಕೊಂಡಳು.

ಮುಖ್ಯಸ್ಥರು ಅಪ್ಪನ ಜೊತೆ ವರ್ಷಗಟ್ಟಲೆ ದುಡಿದವರು. ಫೋನ್ ಎತ್ತಿ ಹರಳಿನ ಕಾರ್ಖಾನೆಗೆ ಮಾಡಿದರು. ಮಾತು ಮುಗಿಸಿ, ನಾಳೆ ತುಂಬು, ಸರಿಯಾಗಿ ತುಂಬು ಎಂದರು.

ಹರಳಿನ ಕಾರ್ಖಾನೆಗೆ ಬಸ್ಸು ಹಿಡಿಯುವ ಮುಂಚೆ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ತಾಯಿಯ ಎದೆ ಏರಿಳಿಯುವುದು ಅವಳ ಕೆನ್ನೆಗೆ ತಿಳಿಯುತ್ತಿತ್ತು.

"ನೀನು ಅವನ ಹತ್ತಿರ ಹೋಗಿ ಬಾ. ಅಪ್ಪನಿಗೆ ನಾನು ಹೇಳ್ಕೋತೀನಿ."

ಜರಡಿಯ ಕೋಣೆಯಲ್ಲಿ ಹೊಗೆಯಂತೆ ಪುಡಿ ತುಂಬಿತ್ತು. ಅವನ ಹುಬ್ಬು, ಕೂದಲು, ತೋಳು ಎಲ್ಲ ಬೂದು ಬಣ್ಣ. ಅವಳನ್ನು ಕಂಡು ಜರಡಿ ನಿಲ್ಲಿಸಿದ.

"ಮುಖ ತೋರಿಸಬೇಡಿ ಅಂದಿದ್ರಿ," ಎಂದ. ನಗಲು ನೋಡಿದ, ಆಗಲಿಲ್ಲ.

"ಮೊದಲು ಬಂದದ್ದು ಯಾವ ಬಣ್ಣ?"

ಅವನು ಜರಡಿಯ ಕಡೆ ತಿರುಗಿದ.

"ಪೈಪಿನಲ್ಲಿ ಮೊದಲು ಬಂದದ್ದು ಯಾವ ಬಣ್ಣ ಅಂತ ಕೇಳ್ತಿದ್ದೀನಿ. ಸುಳ್ಳು ಹೇಳಬೇಡಿ."

"ಕಪ್ಪು," ಎಂದ ಅವನು. ದನಿ ಕೇಳಿಸಿತೋ ಇಲ್ಲವೋ ಎಂಬಂತಿತ್ತು.

"ಯಾಕೆ ಹೇಳಲಿಲ್ಲ?"

ಅವನು ಕೈಯ ಪುಡಿಯನ್ನು ಒರೆಸಿಕೊಳ್ಳುತ್ತ ನಿಂತ. "ಗೋಡೆಗೊರಗಿ ಕೂತಿದ್ರಲ್ಲ ನೀವು... ಅವರು ತುಂಬಿದ್ದು ಸರಿಯಾಗಿತ್ತು ಅನ್ನೋದೊಂದನ್ನೇ ಹಿಡ್ಕೊಂಡು ಬದುಕಿದ್ರಿ. ನನ್ನನ್ನ ಬೈದ್ರೆ ನಾನು ತಡ್ಕೋತೀನಿ. ನಿಮ್ಮನ್ನ ನೀವೇ ಬೈಕೊಳೋಕೆ ಶುರು ಮಾಡಿದ್ರೆ, ಅದು ನಿಲ್ಲಲ್ಲ."

ಅವಳು ಅಳುತ್ತಿದ್ದಳು. ಅಳುತ್ತಲೇ ಒಂದು ಹೆಜ್ಜೆ ಮುಂದೆ ಬಂದಳು.

"ಅದು ನನ್ನ ನೋವು. ನಿಮ್ಮ ಹತ್ತಿರ ಇಟ್ಕೊಂಡಿದ್ದೀರಿ. ನನಗೆ ಕೊಡಿ."

ಅವನು ಕಪಾಟಿನ ಮೂಲೆಯಿಂದ ನಾಲ್ಕು ಸೀಸೆಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ. ಮಾದರಿಯನ್ನು ಎಸೆಯುವುದು ಆ ಕಸುಬಿನವರಿಗೆ ಆಗದ ಕೆಲಸ. ಮೊದಲನೆಯದು ಮಸಿ ಹಿಡಿದ ಅಪ್ಪಟ ಕಪ್ಪು. ಕೊನೆಯದರಲ್ಲಿ ಬಿಳಿ ಮಣಿಗಳ ನಡುವೆ ಅಲ್ಲೊಂದು ಇಲ್ಲೊಂದು ಹರಳು, ಇನ್ನೂ ಹೊಸದರಂತೆ. ಅವಳು ಆ ಕೊನೆಯ ಸೀಸೆಯನ್ನು ಎತ್ತಿ ಎದೆಗೊತ್ತಿಕೊಂಡಳು. ಅಪ್ಪ ಕೊನೆಯದಾಗಿ ಓದಿಸಿಕೊಳ್ಳಬೇಕಾಗಿದ್ದದ್ದು, ಮೊದಲು ಓದಿಸಿಕೊಂಡದ್ದು. ಅವರ ಕೈ ಹಾದುಹೋದ ಹರಳು...

ಅವನು ಮುಟ್ಟಲೋ ಬೇಡವೋ ಎಂದು ಅನುಮಾನಿಸಿ, ಅವಳ ಭುಜದ ಮೇಲೆ ಕೈಯಿಟ್ಟ. ಅಪ್ಪ ಇಟ್ಟಿದ್ದಲ್ಲೇ.

"ನಾನು ಅಷ್ಟು ಜನರ ಮುಂದೆ ನಿಮ್ಮನ್ನ..."

"ಅದನ್ನ ಅವತ್ತೇ ಬಿಟ್ಟೆ."

"ನಾನು ಬಿಟ್ಟಿಲ್ಲ. ನಾಳೆ ತುಂಬಬೇಕು. ನನಗೆ ಓದೋಕೆ ಬಾಯಿ ಬರಲ್ಲ. ನೀವು ಓದಿ, ನಾನು ಸುರೀತೀನಿ." ಸ್ವಲ್ಪ ತಡೆದು, ಸೀಸೆಯನ್ನೇ ನೋಡುತ್ತ ಹೇಳಿದಳು, "ನಾಳೆ ಮಾತ್ರ ಅಲ್ಲ. ಯಾವತ್ತೂ."

ಅವನ ಬೂದು ಕೆನ್ನೆಯ ಮೇಲೆ ಕಣ್ಣೀರು ಎರಡು ಗೆರೆ ಎಳೆಯಿತು. ಮೊದಲ ದಿನ ಮೆಟ್ಟಿಲ ಮೇಲೆ ಸ್ಪ್ಯಾನರ್ ಕೆಳಗಿಟ್ಟಾಗಲೇ ನನ್ನ ಮನಸ್ಸನ್ನೂ ಅಲ್ಲೇ ಇಟ್ಟಿದ್ದೆ ಎಂದ ಅವನು, ತಡವರಿಸುತ್ತ.

ಹೊಸದಾಗಿ ತುಂಬಿದ ಆ ಹಾಸು ಹೇಗೆ ಕೆಲಸ ಮಾಡಿತು ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ಕಾವು ತಲೆಯಿಂದ ತಳದವರೆಗೆ ಸಮನಾಗಿ ಇಳಿಯಿತು. ಕೆಳಗೆ ತಿಳಿಯಾದ ಇಂಧನ ಬಂತು. ಚಿಕ್ಕಪ್ಪ ಒಂದು ಬಾಟಲಿಯನ್ನು ಮಂಜುಗಡ್ಡೆಯಲ್ಲಿ ಹುಗಿದಿಟ್ಟು, ಆಮೇಲೆ ಅಲುಗಾಡಿಸಿ, ಅದು ನೀರಿನಂತೆ ಹರಿದದ್ದನ್ನು ಕಂಡು, ನಮ್ಮಣ್ಣ ಗೆದ್ದ ಎಂದು ಅತ್ತ. ವಿನ್ಯಾಸ ಸರಿಯಿತ್ತು. ಅದನ್ನು ನೋಡಲು ಮಾಡಿದವರು ಇರಲಿಲ್ಲ. ದೇವರು ಕೊಡುವಾಗಲೂ ಒಮ್ಮೊಮ್ಮೆ ಹೀಗೆಯೇ ಕೊಡುತ್ತಾನೆ, ತಡವಾಗಿ.

ಆದರೆ ನನ್ನ ಮನಸ್ಸು ನಿಲ್ಲುವುದು ತುಂಬಿದ ಆ ದಿನದ ಬಳಿ.

ಅಟ್ಟಣೆಯ ಮೇಲೆ ಅವಳು ಅಪ್ಪನ ಮುಸುಕು ಕಟ್ಟಿಕೊಂಡು, ಚೀಲದ ಬಾಯಿ ಹಿಡಿದು ನಿಂತಿದ್ದಳು. ಅವನು ನಕ್ಷೆ ಬಿಡಿಸಿದ. ಮೇಲಿನ ಸಾಲಿನ ಮೇಲೆ ಬೆರಳಿಟ್ಟ. ಅಪ್ಪ ತಡೆಯುತ್ತಿದ್ದ ಬಗೆಯನ್ನು ಅವಳೇ ಹೇಳಿದ್ದಳು, ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಮುಖ ನೋಡಿ, ಒಂದನೇ... ಎಂದು ನಿಲ್ಲಿಸಿದ.

ಮುಸುಕಿನ ಹಿಂದಿನಿಂದ ಮಾತು ತಾನಾಗಿ ಬಂತು.

"ಕೆಳಗಿನಿಂದ ಓದು."

ಅಷ್ಟು ದಿನ ನೀವು ಎಂದು ಕರೆದವನಿಗೆ ಅವಳು ಆಡಿದ ಮೊದಲ ಸಲಿಗೆಯ ಮಾತು ಅದು. ಕೆಳಗೆ ಚಿಕ್ಕಪ್ಪ ಮುಖ ತಿರುಗಿಸಿಕೊಂಡ.

"ಮರೆತಿದ್ಯಾ?" ಎಂದಳು ಅವಳು. ಮುಸುಕು ನೆನೆದಿತ್ತು.

"ಪ್ರತಿ ಸಲ ಮರೀತೀನಿ," ಎಂದ ಅವನು. "ನೀನು ಪ್ರತಿ ಸಲ ಹೇಳು."